ಪೈಪಿನ ಲೆಕ್ಕದಲ್ಲಿ ಮೊದಲು ವೇಗ, ಆಮೇಲೆ ಒತ್ತಡ

ಪೈಪು ಸಣ್ಣದಾದ ಕಡೆ ನೀರಿನ ಒತ್ತಡ ಹೆಚ್ಚುತ್ತದೋ, ಇಳಿಯುತ್ತದೋ? ನನ್ನ ಭೌತಶಾಸ್ತ್ರದ ತರಗತಿಯಲ್ಲಿ ಇದನ್ನು ಕೇಳಿದಾಗಲೆಲ್ಲ ಹೆಚ್ಚಿನವರು "ಹೆಚ್ಚುತ್ತದೆ" ಅನ್ನುತ್ತಾರೆ. ಇಕ್ಕಟ್ಟಾದ ಬಾಗಿಲಲ್ಲಿ ನೂಕುನುಗ್ಗಲು ಜಾಸ್ತಿ ತಾನೇ ಎಂಬುದು ಅವರ ತರ್ಕ. ಒತ್ತಡದಿಂದಲೇ ಯೋಚನೆ ಶುರು ಮಾಡಿದರೆ ಹೀಗೇ ಆಗುತ್ತದೆ. ಮೊದಲು ವೇಗ ಹಿಡಿಯಿರಿ.

ನೀರನ್ನು ಅದುಮಿ ಕುಗ್ಗಿಸಲು ಆಗುವುದಿಲ್ಲ ಎಂದಿಟ್ಟುಕೊಳ್ಳೋಣ. ತುಂಬಿ ಹರಿಯುವ ಪೈಪಿಗೆ ಸೆಕೆಂಡಿಗೆ 2 ಲೀಟರ್ ಒಳಗೆ ಹೋದರೆ ಅಷ್ಟೇ ಹೊರಗೆ ಬರಬೇಕು. ಈ ಪ್ರಮಾಣವನ್ನು ಪೈಪಿನ ಒಳಬಾಯಿಯ ವಿಸ್ತೀರ್ಣದಿಂದ ಭಾಗಿಸಿ, ವೇಗ ಸಿಗುತ್ತದೆ. 50 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಅದು ಸೆಕೆಂಡಿಗೆ ಸುಮಾರು 1.02 ಮೀಟರ್. ಮುಂದೆ ಪೈಪು 25 ಮಿಲಿಮೀಟರಿಗೆ ಇಳಿದರೆ 4.07 ಮೀಟರ್. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗವಾಗುತ್ತದೆ, ವೇಗ ನಾಲ್ಕು ಪಟ್ಟಾಗುತ್ತದೆ. ಅವಸರದಲ್ಲಿ ಎರಡು ಪಟ್ಟು ಎಂದು ಬರೆದುಬಿಡಬೇಡಿ.

ಈಗ ಒತ್ತಡ. ಸೆಕೆಂಡಿಗೆ ಒಂದು ಮೀಟರ್ ಹೋಗುತ್ತಿದ್ದ ನೀರು ನಾಲ್ಕು ಮೀಟರಿಗೆ ಏರಬೇಕಾದರೆ ಯಾರೋ ಅದನ್ನು ಮುಂದಕ್ಕೆ ತಳ್ಳಿರಬೇಕು. ಮಟ್ಟಸವಾಗಿ ಮಲಗಿರುವ ಪೈಪಿನೊಳಗೆ ತಳ್ಳುವುದಕ್ಕೆ ಹಿಂದಿನ ನೀರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಅಂದರೆ ಹಿಂದೆ ಒತ್ತಡ ಜಾಸ್ತಿ, ಮುಂದೆ ಕಡಿಮೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಷ್ಟೇ. ಇದು ಅರ್ಥವಾದರೆ, ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟಿಸಿದ ತತ್ವದಿಂದ ಬಂದ ಸೂತ್ರವನ್ನು ಬಾಯಿಪಾಠ ಮಾಡಬೇಕಿಲ್ಲ. ಎರಡೂ ವೇಗಗಳ ವರ್ಗ ತೆಗೆದು ಕಳೆಯಿರಿ, ಸಾಂದ್ರತೆಯಿಂದ (ನೀರಿಗೆ ಘನಮೀಟರಿಗೆ 1000 ಕಿಲೋಗ್ರಾಂ) ಗುಣಿಸಿ, ಅರ್ಧ ಮಾಡಿ. ನಮ್ಮ ಪೈಪಿನಲ್ಲಿ ಒತ್ತಡ ಸುಮಾರು 7,800 ಪ್ಯಾಸ್ಕಲ್ ಇಳಿದಿದೆ.

ಅಂಕಿ ಕಣ್ಣಿಗೆ ಕಾಣಬೇಕೆಂದರೆ ಅಗಲವಾದ ಕಡೆಯೊಂದು, ಕಿರಿದಾದ ಕಡೆಯೊಂದು ಗಾಜಿನ ಕೊಳವೆಯನ್ನು ಪೈಪಿನ ಮೇಲೆ ನೆಟ್ಟಗೆ ಕೂರಿಸಿ. ಕಿರಿದಾದ ಕಡೆಯ ಕೊಳವೆಯಲ್ಲಿ ನೀರು ಸುಮಾರು 79 ಸೆಂಟಿಮೀಟರ್ ಕೆಳಗೆ ನಿಲ್ಲುತ್ತದೆ. ಹರಿವು ನಿಲ್ಲಿಸಿ ನೋಡಿ, ಎರಡೂ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ! ಈ ಅಂತರವನ್ನೇ ಅಳೆದು ಹರಿವಿನ ಪ್ರಮಾಣ ಹೇಳುವ ಸಾಧನ ವೆಂಚುರಿ ಮೀಟರ್.

ಇನ್ನೆರಡು ಲೆಕ್ಕ ಸೇರಿಸಬೇಕು. ಪೈಪು ಮೇಲಕ್ಕೆ ಹತ್ತಿದರೆ ಪ್ರತಿ ಮೀಟರಿಗೆ ಸುಮಾರು 9,800 ಪ್ಯಾಸ್ಕಲ್ ಕಳೆಯಿರಿ, ಇಳಿದರೆ ಕೂಡಿಸಿ. ಎರಡನೆಯದು ಘರ್ಷಣೆ. ಒಂದೇ ಅಳತೆಯ ಉದ್ದ ಪೈಪಿನಲ್ಲಿ ವೇಗ ಬದಲಾಗದಿದ್ದರೂ ಒತ್ತಡ ಇಳಿಯುತ್ತಲೇ ಹೋಗುತ್ತದೆ, ಮತ್ತು ಅದು ವಾಪಸ್ ಬರುವುದಿಲ್ಲ. ಸುಳಿಸುಳಿಯಾಗಿ ಹರಿಯುವ ನೀರಿನ ಪ್ರಮಾಣ ಅಷ್ಟೇ ಇಟ್ಟು ವ್ಯಾಸವನ್ನು ಅರ್ಧ ಮಾಡಿದರೆ, ಅಷ್ಟೇ ಉದ್ದಕ್ಕೆ ಈ ನಷ್ಟ ಹೆಚ್ಚುಕಡಿಮೆ 32 ಪಟ್ಟಾಗುತ್ತದೆ. ಹಾಗಾಗಿ ದೂರದ ಸಾಲಿಗೆ ಸಣ್ಣ ಪೈಪು ಹಾಕುವ ಮುಂಚೆ ಎರಡು ಸಲ ಯೋಚಿಸಿ.

"ಹಾಗಾದರೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ನೀರು ದೂರ ಚಿಮ್ಮುವುದು ಒತ್ತಡ ಹೆಚ್ಚಾಗಿಯೇ ಅಲ್ಲವೇ?" ಒಳ್ಳೆಯ ಪ್ರಶ್ನೆ, ಇದನ್ನು ಕೇಳದ ತರಗತಿ ನನಗೆ ಸಮಾಧಾನ ಕೊಡುವುದಿಲ್ಲ. ಇಲ್ಲಿ ಹರಿವು ಮೊದಲಿನಷ್ಟೇ ಉಳಿದಿರುವುದಿಲ್ಲ. ಹೊರಬರುವ ನೀರು ಕಡಿಮೆಯಾದ್ದರಿಂದ ಉದ್ದಕ್ಕೂ ಆಗುತ್ತಿದ್ದ ಘರ್ಷಣೆಯ ನಷ್ಟ ತಗ್ಗಿ, ಬೆರಳಿನ ಹಿಂದೆ ಒತ್ತಡ ಏರುತ್ತದೆ. ಬೆರಳಿನ ಸಂದಿಯಿಂದ ಆಚೆ ಬರುವಷ್ಟರಲ್ಲಿ ಅದು ಹೊರಗಿನ ಗಾಳಿಯ ಒತ್ತಡಕ್ಕೆ ಇಳಿದಿರುತ್ತದೆ. ಇಳಿದ ಒತ್ತಡವೇ ಚಿಮ್ಮುವ ವೇಗವಾಗಿರುತ್ತದೆ.