ಪೈಥಾನ್‌ನ ಸಿ ಎಕ್ಸ್‌ಟೆನ್ಷನ್ ವರ್ಷಗಟ್ಟಲೆ ಬಾಳಬೇಕಾದರೆ

ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಪೈಥಾನ್‌ನ ಹೊಸ ಆವೃತ್ತಿ ಬರುತ್ತದೆ. ಬರೀ ಪೈಥಾನ್‌ನಲ್ಲಿ ಬರೆಯುವವರಿಗೆ ಅದು ಖುಷಿಯ ಸುದ್ದಿ. ಸಿ ಎಕ್ಸ್‌ಟೆನ್ಷನ್, ಅಂದರೆ ಸಿ ಭಾಷೆಯಲ್ಲಿ ಬರೆದು ಪೈಥಾನ್‌ನಿಂದ ಬಳಸುವ ಮಾಡ್ಯೂಲ್, ಇಟ್ಟುಕೊಂಡವರಿಗೆ ಮೊದಲು ಬರುವ ಪ್ರಶ್ನೆಯೇ ಬೇರೆ: ನಮ್ಮದು ಇದರಲ್ಲಿ ಕಂಪೈಲ್ ಆಗುತ್ತಾ?

ನಾನು ಲಾಗ್ ಫೈಲ್‌ಗಳನ್ನು ಬೇಗ ಓದಿಕೊಡುವ ಒಂದು ಸಣ್ಣ ಎಕ್ಸ್‌ಟೆನ್ಷನ್ ನೋಡಿಕೊಳ್ಳುತ್ತೇನೆ. ಇಷ್ಟು ವರ್ಷಗಳಲ್ಲಿ ಕಲಿತದ್ದು ಇಷ್ಟೇ, ಇಂಟರ್‌ಪ್ರಿಟರ್‌ನ ಹೊಟ್ಟೆಯೊಳಗೆ ಕೈ ಹಾಕಿದಷ್ಟೂ ಮುಂದಿನ ಅಕ್ಟೋಬರ್‌ನಲ್ಲಿ ಕೆಲಸ ಜಾಸ್ತಿ. ಆದರೆ ಅದಕ್ಕೂ ಮುಂಚೆ ರೆಫರೆನ್ಸ್ ಲೆಕ್ಕ ಸರಿ ಇರಬೇಕು. ಅಲ್ಲಿಂದಲೇ ಶುರು ಮಾಡೋಣ.

ಪೈಥಾನ್‌ನ ಪ್ರತಿ ವಸ್ತುವಿಗೂ ಅದನ್ನು ಎಷ್ಟು ಕಡೆ ಹಿಡಿದುಕೊಂಡಿದ್ದಾರೆ ಎಂಬ ಒಂದು ಎಣಿಕೆ ಇದೆ. ಎಣಿಕೆ ಸೊನ್ನೆಗೆ ಇಳಿದರೆ ವಸ್ತು ಹೋಯಿತು. ಸಿ ಕಡೆಯಿಂದ ಒಂದು ವಸ್ತು ಕೈಗೆ ಬಂದಾಗಲೆಲ್ಲ ನೀವು ಕೇಳಿಕೊಳ್ಳಬೇಕು, ಇದು ನನ್ನದಾ, ಎರವಲಾ? ಪೈಲಿಸ್ಟ್_ಗೆಟ್‌ಐಟಂ ಕೊಡುವುದು ಎರವಲು. ಪೈಆಬ್ಜೆಕ್ಟ್_ಗೆಟ್‌ಐಟಂ ಕೊಡುವುದು ನಿಮ್ಮ ಸ್ವಂತದ್ದು, ಕೆಲಸ ಮುಗಿದ ಮೇಲೆ ಪೈ_ಡೆಕ್‌ರೆಫ್ ಮಾಡಿ ಎಣಿಕೆ ಒಂದು ಇಳಿಸಲೇಬೇಕು. ಹೆಸರು ಹೆಚ್ಚುಕಡಿಮೆ ಒಂದೇ, ನಿಯಮ ಮಾತ್ರ ತಿರುಗುಮುರುಗು. ಪೈಲಿಸ್ಟ್_ಸೆಟ್‌ಐಟಂ ನಿಮ್ಮ ಕೈಯಲ್ಲಿದ್ದದ್ದನ್ನು ತಾನೇ ಇಟ್ಟುಕೊಳ್ಳುತ್ತದೆ, ಪೈಡಿಕ್ಟ್_ಸೆಟ್‌ಐಟಂ ಹಾಗೆ ಮಾಡುವುದಿಲ್ಲ. ಇವನ್ನು ನೆನಪಿನಿಂದ ಬರೆಯಬೇಡಿ. ಪ್ರತಿ ಸಲ ಡಾಕ್ಯುಮೆಂಟೇಷನ್ ತೆರೆದು ನೋಡಿ, ನಾನು ಈಗಲೂ ನೋಡುತ್ತೇನೆ.

ನನ್ನ ಕೋಡ್‌ನಲ್ಲೇ ಇದ್ದ ಒಂದು ತಪ್ಪು ಹೇಳುತ್ತೇನೆ. ಲಿಸ್ಟ್‌ನಿಂದ ಒಂದು ಸಾಲನ್ನು ಪೈಲಿಸ್ಟ್_ಗೆಟ್‌ಐಟಂ ಮೂಲಕ ತೆಗೆದುಕೊಂಡೆ. ಬಳಸುವವರು ಕೊಟ್ಟ ಕಾಲ್‌ಬ್ಯಾಕ್‌ ಅನ್ನು, ಅಂದರೆ ಅವರದೇ ಫಂಕ್ಷನ್ ಅನ್ನು, ಕರೆದೆ. ಆಮೇಲೆ ಆ ಸಾಲಿನ ಉದ್ದ ನೋಡಿದೆ. ಮೂರೇ ಹೆಜ್ಜೆ, ಓದಿದರೆ ಎಲ್ಲ ಸರಿಯಾಗೇ ಕಾಣುತ್ತದೆ, ನನ್ನ ಟೆಸ್ಟ್‌ಗಳೂ ಪಾಸ್ ಆಗುತ್ತಿದ್ದವು. ಆದರೆ ಒಬ್ಬರ ಕಾಲ್‌ಬ್ಯಾಕ್ ಅದೇ ಲಿಸ್ಟ್‌ನ ಮೇಲೆ ಕ್ಲಿಯರ್ ಕರೆಯುತ್ತಿತ್ತು. ಲಿಸ್ಟ್ ಖಾಲಿಯಾಯಿತು, ಸಾಲಿನ ಎಣಿಕೆ ಸೊನ್ನೆಯಾಯಿತು, ನನ್ನ ಕೈಯಲ್ಲಿ ಉಳಿದದ್ದು ಸತ್ತ ವಿಳಾಸ. ಸೆಗ್‌ಮೆಂಟೇಷನ್ ಫಾಲ್ಟ್, ಪ್ರೋಗ್ರಾಮ್ ಅಲ್ಲೇ ಬಿತ್ತು. ಅದೂ ಎಲ್ಲರಿಗೂ ಅಲ್ಲ, ಎಲ್ಲ ಸಲವೂ ಅಲ್ಲ. ಪರಿಹಾರ ಎರಡೇ ಸಾಲು: ಎರವಲು ತಂದ ತಕ್ಷಣ ಎಣಿಕೆ ಏರಿಸುವ ಪೈ_ಇಂಕ್‌ರೆಫ್, ಕೆಲಸ ಮುಗಿದ ಮೇಲೆ ಡೆಕ್‌ರೆಫ್. 3.13ರಲ್ಲಿ ಪೈಲಿಸ್ಟ್_ಗೆಟ್‌ಐಟಂರೆಫ್ ಎಂಬ ಹೊಸ ಫಂಕ್ಷನ್ ಬಂದಿದೆ, ಅದು ಸ್ವಂತದ್ದನ್ನೇ ಕೊಡುತ್ತದೆ. ಹೊಸ ಕೋಡ್‌ಗೆ ಅದೇ ಒಳ್ಳೆಯದು. ಹಳೆಯ ಆವೃತ್ತಿಗಳಲ್ಲೂ ಬೇಕೆಂದರೆ ಪೈಥಾನ್‌ಕ್ಯಾಪಿ ಕಂಪ್ಯಾಟ್ ಎಂಬ ಒಂದು ಹೆಡರ್ ಫೈಲ್ ಇದೆ. ಅದನ್ನು ನಿಮ್ಮ ಸೋರ್ಸ್ ಜೊತೆ ಇಟ್ಟುಕೊಂಡರೆ ಸಾಕು.

ಇನ್ನೊಂದು ತೊಂದರೆ ಸೋರಿಕೆ, ಅಂದರೆ ಎಣಿಕೆ ಇಳಿಸಲು ಮರೆತು ವಸ್ತು ಮೆಮೊರಿಯಲ್ಲೇ ಉಳಿಯುವುದು. ಅದು ಇರುವುದು ಹೆಚ್ಚಾಗಿ ಎರರ್ ಬರುವ ದಾರಿಯಲ್ಲಿ. ಎಲ್ಲ ಸರಿಹೋದಾಗ ಲೆಕ್ಕ ಸರಿ ಇರುತ್ತದೆ, ಮಧ್ಯದಲ್ಲಿ ಮೆಮೊರಿ ಸಿಗದೆ ಅಥವಾ ಟೈಪ್ ಹೊಂದದೆ ವಾಪಸ್ ಬಂದಾಗ ಎರಡು ಮೂರು ವಸ್ತು ಅಲ್ಲೇ ಉಳಿದುಬಿಡುತ್ತವೆ. ಅದಕ್ಕೆ ನನ್ನ ಅಭ್ಯಾಸ ಹೀಗೆ: ಫಂಕ್ಷನ್ ಶುರುವಿನಲ್ಲೇ ಎಲ್ಲ ಪಾಯಿಂಟರ್‌ಗೆ ನಲ್, ಎರರ್ ಆದರೆ ಗೋಟು ಮಾಡಿ ಕೊನೆಗೆ ಹೋಗುವುದು, ಅಲ್ಲಿ ಎಲ್ಲದಕ್ಕೂ ಪೈ_ಎಕ್ಸ್‌ಡೆಕ್‌ರೆಫ್ (ನಲ್ ಇದ್ದರೆ ಸುಮ್ಮನಿರುವ ಡೆಕ್‌ರೆಫ್). ಗೋಟು ಬಳಸಬಾರದು ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿರುತ್ತಾರೆ ಅಲ್ವಾ, ಇಲ್ಲಿ ಧೈರ್ಯವಾಗಿ ಬಳಸಿ, ಸಿಯಲ್ಲಿ ಬರೆದಿರುವ ಪೈಥಾನ್‌ನ ಮೂಲ ಇಂಟರ್‌ಪ್ರಿಟರ್ ಸಿಪೈಥಾನ್‌ನ ಸೋರ್ಸ್‌ನಲ್ಲೂ ಹಾಗೇ ಇದೆ.

ಟೆಸ್ಟ್ ಮಾಡಲು ಪೈಥಾನ್‌ನ ಡೀಬಗ್ ಬಿಲ್ಡ್ ಒಂದನ್ನು ಕಟ್ಟಿಕೊಳ್ಳಿ. ಅದರಲ್ಲಿ ಎಲ್ಲ ಎಣಿಕೆಗಳ ಮೊತ್ತ ಹೇಳುವ, ಸಿಸ್ ಮಾಡ್ಯೂಲ್‌ನ ಗೆಟ್‌ಟೋಟಲ್‌ರೆಫ್‌ಕೌಂಟ್ ಸಿಗುತ್ತದೆ. ತಪ್ಪು ಇನ್‌ಪುಟ್ ಕೊಟ್ಟು ಫಂಕ್ಷನ್ ಅನ್ನು 10,000 ಸಲ ಓಡಿಸಿ, ಮೊದಲಿನ ಮತ್ತು ಕೊನೆಯ ಸಂಖ್ಯೆ ಹೋಲಿಸಿ. ಹತ್ತು ಸಾವಿರದ ಆಸುಪಾಸು ಏರಿದ್ದರೆ ಪ್ರತಿ ಸಲವೂ ಒಂದು ಸೋರುತ್ತಿದೆ ಅಂತ. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಜೊತೆ ಓಡಿಸುವಾಗ ಪೈಥಾನ್‌ಮ್ಯಾಲಕ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಮ್ಯಾಲಕ್ ಎಂದು ಕೊಡಿ. ಇಲ್ಲದಿದ್ದರೆ ಪೈಥಾನ್ ತನ್ನದೇ ಮೆಮೊರಿ ಗುಡ್ಡೆಯಿಂದ ಹಂಚುತ್ತದೆ, ಎಷ್ಟೋ ತಪ್ಪುಗಳು ಸ್ಯಾನಿಟೈಸರ್ ಕಣ್ಣಿಗೇ ಬೀಳುವುದಿಲ್ಲ.

ಹಳೆಯ ಆವೃತ್ತಿಯ ಮೇಲೂ ಟೆಸ್ಟ್ ಬಿಡಬೇಡಿ. 3.12ರಿಂದ ನನ್, ಟ್ರೂ, ಫಾಲ್ಸ್ ಇಂಥವು ಸಾಯುವುದೇ ಇಲ್ಲ, ಅವುಗಳ ಎಣಿಕೆ ಬದಲಾಗುವುದಿಲ್ಲ. ಇಂಕ್‌ರೆಫ್ ಮಾಡದೆ ನನ್ ವಾಪಸ್ ಕೊಟ್ಟರೂ ಅಲ್ಲಿ ಏನೂ ಆಗುವುದಿಲ್ಲ. ಅದೇ ಕೋಡ್ 3.11ರಲ್ಲಿ ಸಾಕಷ್ಟು ಸಲ ಓಡಿದರೆ ಇಡೀ ಪ್ರೋಗ್ರಾಮ್ ಬೀಳುತ್ತದೆ.

ಈಗ ಹೊಟ್ಟೆಯೊಳಗೆ ಕೈ ಹಾಕುವ ವಿಷಯ. ಸ್ಟ್ರಕ್ಟ್‌ನ ಒಳಗಿನ ಫೀಲ್ಡ್‌ಗಳನ್ನು ನೇರವಾಗಿ ಮುಟ್ಟಿದವರು 3.11 ಬಂದಾಗ ಒದ್ದಾಡಿದರು, ಫ್ರೇಮ್ ಆಬ್ಜೆಕ್ಟ್‌ನ ಒಳಭಾಗ ಆಗ ಮುಚ್ಚಿಹೋಯಿತು. 3.12ರಲ್ಲಿ ಪ್ಯಾಕೇಜ್ ಕಟ್ಟಲು ಬಳಸುತ್ತಿದ್ದ ಡಿಸ್ಟ್‌ಯುಟಿಲ್ಸ್ ಹೋಯಿತು, ಅದನ್ನು ನಂಬಿದ್ದ ಹಳೆಯ ಸೆಟಪ್ ಫೈಲ್‌ಗಳು ನಿಂತುಹೋದವು. ಹೊಟ್ಟೆಯೊಳಗೆ ಕೈ ಹಾಕದಿರಲು ಒಳ್ಳೆಯ ಉತ್ತರ ಲಿಮಿಟೆಡ್ ಎಪಿಐ, ಅಂದರೆ ಆವೃತ್ತಿ ಬದಲಾದರೂ ಉಳಿಯುವ ಫಂಕ್ಷನ್‌ಗಳ ಗುಂಪು, ಪೈಥಾನ್ 3.2ರಿಂದಲೂ ಇದೆ. ಪೈಥಾನ್ ಹೆಡರ್ ಸೇರಿಸುವ ಮೊದಲೇ ಪೈ_ಲಿಮಿಟೆಡ್_ಎಪಿಐ ಡಿಫೈನ್ ಮಾಡಿ, ನಿಮಗೆ ಬೇಕಾದ ಅತಿ ಹಳೆಯ ಆವೃತ್ತಿ ಅದರಲ್ಲಿ ಕೊಡಿ. ಆಗ ಒಮ್ಮೆ ಕಟ್ಟಿದ ವೀಲ್ (ನೇರವಾಗಿ ಇನ್‌ಸ್ಟಾಲ್ ಮಾಡಬಹುದಾದ ಪ್ಯಾಕೇಜ್ ಫೈಲ್) ಮುಂದಿನ ಆವೃತ್ತಿಗಳಲ್ಲೂ ನಡೆಯುತ್ತದೆ. ಐದು ಪೈಥಾನ್ ಆವೃತ್ತಿ, ಐದು ಪ್ಲಾಟ್‌ಫಾರ್ಮ್ ಅಂದರೆ 25 ವೀಲ್ ಕಟ್ಟಬೇಕಿತ್ತು. ಈಗ ಐದೇ ಸಾಕು. ಬದಲಿಗೆ ವೇಗದ ಕೆಲವು ಮ್ಯಾಕ್ರೋಗಳು ಸಿಗುವುದಿಲ್ಲ, ಸಿ ಕೋಡ್‌ನಲ್ಲೇ ಬರೆದಿಟ್ಟ ಸ್ಟಾಟಿಕ್ ಟೈಪ್‌ಗಳನ್ನು ಓಡುವಾಗ ಸೃಷ್ಟಿಯಾಗುವ ಹೀಪ್ ಟೈಪ್ ಮಾಡಬೇಕು. ಹಾಗೆ ಮಾಡುವಾಗ ವಸ್ತು ಸಾಯುವಾಗ ಓಡುವ ಡಿಅಲಾಕ್ ಫಂಕ್ಷನ್‌ನಲ್ಲಿ ಟೈಪ್ ಅನ್ನೂ ಡೆಕ್‌ರೆಫ್ ಮಾಡುವುದನ್ನು ಮರೆಯಬೇಡಿ, 3.8ರಿಂದ ಪ್ರತಿ ವಸ್ತುವೂ ತನ್ನ ಹೀಪ್ ಟೈಪನ್ನು ಹಿಡಿದುಕೊಂಡಿರುತ್ತದೆ. ನನ್ನ ಕೋಡ್‌ನಲ್ಲಿ ವೇಗ ಕಡಿಮೆಯಾದದ್ದು ಗೊತ್ತೇ ಆಗಲಿಲ್ಲ. ನಿಮ್ಮದರಲ್ಲಿ ಅಳೆದು ನೋಡಿ.

ವೀಲ್ ಅನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಟ್ಟಿ ಹಂಚಬೇಡಿ. ನಾನು ಒಮ್ಮೆ ಹಾಗೆ ಉಬುಂಟು 22.04ರಲ್ಲಿ ಕಟ್ಟಿ ಕಳಿಸಿದೆ, ಹಳೆಯ ಸರ್ವರ್‌ನಲ್ಲಿ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿ 2.34 ಸಿಗುತ್ತಿಲ್ಲ ಎಂಬ ಎರರ್ ಬಂತು, ಅವತ್ತು ರಾತ್ರಿಯೆಲ್ಲ ಅದರಲ್ಲೇ ಹೋಯಿತು. ಹಳೆಯ ಜಿಲಿಬ್‌ಸಿ ಇಟ್ಟುಕೊಂಡ ಮೆನಿಲಿನಕ್ಸ್ ಕಂಟೈನರ್‌ಗಳು ಇರುವುದೇ ಇದಕ್ಕೆ. ಸಿಐಬಿಲ್ಡ್‌ವೀಲ್ ಎಂಬ ಉಪಕರಣ ಬಳಸಿದರೆ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರಕ್ಕೂ ಸಿಐ (ತಾನಾಗಿಯೇ ಬಿಲ್ಡ್ ಮತ್ತು ಟೆಸ್ಟ್ ಓಡಿಸುವ ಸರ್ವರ್) ಮೇಲೇ ಕಟ್ಟಬಹುದು.

ಕೊನೆಯದಾಗಿ ಗಿಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಬೀಗ) ಇಲ್ಲದ ಪೈಥಾನ್. 3.13ರಲ್ಲಿ ಪ್ರಯೋಗವಾಗಿ ಬಂತು, 3.14ರಲ್ಲಿ ಅಧಿಕೃತ ಬೆಂಬಲ ಸಿಕ್ಕಿತು. ಅದಕ್ಕೆ ಬೇರೆ ವೀಲ್ ಬೇಕು, ಈ ಎರಡು ಆವೃತ್ತಿಗಳಲ್ಲಿ ಲಿಮಿಟೆಡ್ ಎಪಿಐ ವೀಲ್ ಅದರಲ್ಲಿ ನಡೆಯುವುದಿಲ್ಲ. ನಿಮ್ಮ ಮಾಡ್ಯೂಲ್ ಏನೂ ಹೇಳದಿದ್ದರೆ ಇಂಪೋರ್ಟ್ ಆದಾಗ ಗಿಲ್ ಮತ್ತೆ ಆನ್ ಆಗುತ್ತದೆ, ಒಂದು ಎಚ್ಚರಿಕೆಯೂ ಕಾಣುತ್ತದೆ. ಆ ಎಚ್ಚರಿಕೆ ಅಡಗಿಸಲು, ಗಿಲ್ ಬೇಡ ಎಂದು ಮಾಡ್ಯೂಲ್‌ನಲ್ಲಿ ಘೋಷಿಸುವ ಸ್ಲಾಟ್ ಅನ್ನು ಸುಮ್ನೆ ಹಾಕಬೇಡಿ. ಅದು ನೀವು ಕೊಡುವ ಮಾತು, ನಿಜವೋ ಅಲ್ಲವೋ ಅಂತ ಇಂಟರ್‌ಪ್ರಿಟರ್ ನೋಡುವುದಿಲ್ಲ. ಮೊದಲು ನಿಮ್ಮ ಸಿ ಫೈಲ್‌ಗಳಲ್ಲಿ ಸ್ಟಾಟಿಕ್ ಎಂಬ ಪದ ಹುಡುಕಿ. ಬದಲಾಗುವ ಪ್ರತಿ ಸ್ಟಾಟಿಕ್ ವೇರಿಯಬಲ್ ಕೂಡ ಎರಡು ಥ್ರೆಡ್ ಒಟ್ಟಿಗೆ ಬರೆಯಬಹುದಾದ ಜಾಗ. ನನ್ನದರಲ್ಲಿ ಅಂಥವು ಇನ್ನೂ ಎರಡಿವೆ, ಅವನ್ನು ಮಾಡ್ಯೂಲ್ ಸ್ಟೇಟ್‌ಗೆ ಸಾಗಿಸಿ ಲಾಕ್ ಹಾಕುವ ತನಕ ನಾನು ಆ ಸ್ಲಾಟ್ ಹಾಕುವುದಿಲ್ಲ.