ಬಣ್ಣ ಆಮೇಲೆ, ಮೊದಲು ಉಗುರು: ಆಫ್ರಿಕಾದ ಪೋಪಿಲಿಯಾ ದುಂಬಿಗಳ ಜೊತೆ ನನ್ನ ಅನುಭವ

ಕೀನ್ಯಾದ ಗುಲಾಬಿ ತೋಟದಲ್ಲಿ ಬೆಳೆ ಸಂರಕ್ಷಣೆ ನನ್ನ ಕೆಲಸ. ಸುತ್ತಲಿನ ಪೊದೆಗಳಲ್ಲಿ, ಬಯಲಲ್ಲಿ ಬೆಳೆದ ಹೂಗಳ ಮೇಲೆ ಹಾಡಹಗಲೇ ಪಕಳೆ, ಎಳೆ ಎಲೆ ಮೇಯುತ್ತಾ ಕೂರುವ ಹೊಳಪಿನ ಪುಟ್ಟ ದುಂಬಿಗಳಿವೆ. ಅವುಗಳಲ್ಲಿ ಪೋಪಿಲಿಯಾ ಕುಲ ನನ್ನನ್ನು ಹಿಡಿದಿಟ್ಟಿದೆ. ಉದ್ದ ಸುಮಾರು ಒಂದು ಸೆಂಟಿಮೀಟರ್. 1916ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಮೊದಲು ಕಾಣಿಸಿಕೊಂಡು ಆಮೇಲೆ ದೊಡ್ಡ ಪೀಡೆಯಾದ ಜಪಾನೀಸ್ ಬೀಟಲ್ ಕೂಡ ಇದೇ ಕುಲದ್ದು. ಆದರೆ ಅದೊಂದರ ಬಗ್ಗೆ ಬರೆದಷ್ಟು ಆಫ್ರಿಕಾದ ಅದರ ಬಂಧುಗಳ ಬಗ್ಗೆ ಯಾರೂ ಬರೆಯುವುದಿಲ್ಲ.

ಕೈಗೆ ಸಿಕ್ಕ ದುಂಬಿಯ ಹಿಂಗಾಲಿನ ಉಗುರನ್ನು ನಾನು ಮೊದಲು ಲೆನ್ಸ್‌ನಲ್ಲಿ ನೋಡುತ್ತೇನೆ. ಎರಡು ಉಗುರು ಒಂದೇ ಅಳತೆ ಇಲ್ಲದಿದ್ದರೆ, ಒಂದು ದಪ್ಪ ಒಂದು ಸಣ್ಣ ಇದ್ದು ಬೇರೆಬೇರೆಯಾಗಿ ಅಲ್ಲಾಡಿದರೆ, ಅದು ರುಟೆಲಿನೇ ಗುಂಪು, ಅಂದರೆ ಎಲೆ ತಿನ್ನುವ ಹೊಳಪು ದುಂಬಿಗಳು. ನಮ್ಮ ಮಲೆನಾಡಿನ ಅಡಿಕೆ ತೋಟದ ಬೇರುಹುಳ ಇದೆಯಲ್ಲ, ಲ್ಯೂಕೋಫೋಲಿಸ್, ಅದು ದುಂಬಿಯಾದಾಗ ನೋಡಿ: ಉಗುರು ಎರಡೂ ಸಮ. ಅದು ಬೇರೆ ಗುಂಪು. ಈ ಒಂದು ಪರೀಕ್ಷೆ ಶಿವಮೊಗ್ಗದಲ್ಲೂ ನಡೆಯುತ್ತದೆ, ಇಲ್ಲೂ ನಡೆಯುತ್ತದೆ.

ಆಮೇಲೆ ಕುಲ. ರಾತ್ರಿ ಬಂದು ಗುಲಾಬಿ ಎಲೆಯನ್ನು ಜಾಲರಿ ಮಾಡಿ ಹೋಗುವ, ಕಂದು ಬಣ್ಣದ, ಮೈತುಂಬ ರೋಮದ ದುಂಬಿ ಸಿಕ್ಕರೆ ಬಾಯಿಯ ಹತ್ತಿರ ನೋಡಿ. ಮೇಲ್ದುಟಿಯ ನಡುವಿನಿಂದ ಕೊಕ್ಕಿನಂತೆ ಒಂದು ಚಾಚು ಕೆಳಗೆ ಇಳಿದಿದ್ದರೆ ಅದು ಅಡೊರೆಟಸ್. ಪೋಪಿಲಿಯಾಕ್ಕೆ ಅದಿಲ್ಲ. ಪೋಪಿಲಿಯಾದ ರೆಕ್ಕೆಕವಚ ಹಿಂದಕ್ಕೆ ಹೋಗ್ತಾ ಕಿರಿದಾಗುತ್ತದೆ, ಹಿಂಬದಿಯ ತಟ್ಟೆ ಪೂರ್ತಿ ಹೊರಗೆ ಕಾಣುತ್ತದೆ, ಎಷ್ಟೋ ಪ್ರಭೇದಗಳಲ್ಲಿ ಆ ತಟ್ಟೆಯ ಮೇಲೆ ಎರಡು ಬಿಳಿ ರೋಮದ ಚುಕ್ಕೆ ಇರುತ್ತವೆ. ಚುಕ್ಕೆ ಇಲ್ಲ ಅಂತ ಬಿಟ್ಟುಬಿಡಬೇಡಿ, ಎಲ್ಲದರಲ್ಲೂ ಇರುವುದಿಲ್ಲ. ನಾನು ನಂಬುವುದು ಹೊಟ್ಟೆಯ ಕಡೆಯ ಗುರುತನ್ನು. ದುಂಬಿಯನ್ನು ಮಗುಚಿ ಹಾಕಿದರೆ ನಡುಗಾಲುಗಳ ಮಧ್ಯದಿಂದ ಮುಂದಕ್ಕೆ ಚಾಚಿದ, ಮೂತಿಯಂಥ ಒಂದು ಗಟ್ಟಿ ಮುಂಚಾಚು ಕಾಣುತ್ತದೆ. ಅದರ ಉದ್ದ, ತುದಿಯ ಆಕಾರ ಪ್ರಭೇದ ಬೇರೆ ಮಾಡಲೂ ಬೇಕಾಗುತ್ತದೆ. ಅದಕ್ಕೇ ದುಂಬಿಯನ್ನು ಕಾರ್ಡಿಗೆ ಹೊಟ್ಟೆ ಮುಚ್ಚಿ ಅಂಟಿಸಬಾರದು, ಪಿನ್ನಿಗೇ ಏರಿಸಿ.

ನಿಜವಾದ ಕಷ್ಟ ಪ್ರಭೇದದ ಮಟ್ಟದಲ್ಲಿದೆ. ಒಂದೇ ಪ್ರಭೇದ ಹಸಿರು, ತಾಮ್ರ, ಕಪ್ಪು, ಹಳದಿ ಪಟ್ಟೆ ಅಂತ ಹಲವು ವೇಷದಲ್ಲಿ ಬರಬಹುದು. 1787ರಲ್ಲಿ ಫ್ಯಾಬ್ರಿಷಿಯಸ್ ಹೆಸರಿಟ್ಟ ದಕ್ಷಿಣ ಆಫ್ರಿಕಾದ ಪೋಪಿಲಿಯಾ ಬೈಪಂಕ್ಟೇಟಾದಲ್ಲೇ ಬಣ್ಣ ಒಂದೇ ಥರ ಇರುವುದಿಲ್ಲ. ಜರ್ಮನಿಯ ಕೀಟತಜ್ಞ ಕ್ರಾಟ್ಸ್ 1892ರಲ್ಲಿ ಈ ಕುಲವನ್ನು ಪೂರ್ತಿಯಾಗಿ ಪರಿಶೀಲಿಸಿದರು, ಅವರ ನಂತರ ಓಹೌಸ್ ಬಹಳ ಕೆಲಸ ಮಾಡಿದರು. ಓಹೌಸ್ ಅವರ ಸಂಗ್ರಹ ಇರುವುದು ಬರ್ಲಿನ್ ಮ್ಯೂಸಿಯಂನಲ್ಲಿ. ಹೆಸರು ಗಟ್ಟಿ ಮಾಡಬೇಕೆಂದರೆ ಕೊನೆಗೆ ಅಂಥ ಮೂಲ ಮಾದರಿಗಳ, ಅಂದರೆ ಹೆಸರಿಡುವಾಗ ಆಧಾರವಾಗಿಟ್ಟುಕೊಂಡ ದುಂಬಿಗಳ, ಜೊತೆಗೇ ಹೋಲಿಸಬೇಕು. ಸುಮ್ನೆ ಫೋಟೋ ನೋಡಿ ಹೆಸರು ಹೇಳುವವರನ್ನು ಕಂಡರೆ ನನಗೆ ಬೇಸರ, ಯಾಕೆಂದರೆ ತಪ್ಪು ಹೆಸರು ಒಮ್ಮೆ ಪಟ್ಟಿಗೆ ಸೇರಿದರೆ ಅದನ್ನು ತೆಗೆಸುವುದು ಬಹಳ ಕಷ್ಟ.

ಹಾಗಾಗಿ ನಾನು ಒಂಟಿ ದುಂಬಿಯಿಂದ ತೀರ್ಮಾನಕ್ಕೆ ಬರುವುದಿಲ್ಲ. ಒಂದೇ ಗಿಡದಿಂದ, ಒಂದೇ ದಿನ, ಎಲ್ಲ ಬಣ್ಣದವನ್ನೂ ತೆಗೆದುಕೊಳ್ಳುತ್ತೇನೆ. ಜೋಡಿಯಾಗಿ ಕೂಡಿರುವಾಗ ಸಿಕ್ಕವನ್ನು ಬೇರೆ ಸೀಸೆಯಲ್ಲಿ ಒಟ್ಟಿಗೇ ಇಡುತ್ತೇನೆ. ಹಸಿರು ಗಂಡು ಕಂದು ಹೆಣ್ಣಿನ ಜೊತೆ ಮತ್ತೆ ಮತ್ತೆ ಸಿಕ್ಕರೆ ಬಣ್ಣದ ಮೇಲಿನ ಅರ್ಧ ಅನುಮಾನ ಅಲ್ಲೇ ಹೋಯಿತು ಅಲ್ವಾ?

ಉಳಿದ ಅರ್ಧಕ್ಕೆ ಗಂಡಿನ ಜನನಾಂಗ ನೋಡಲೇಬೇಕು. ಮುಂಗಾಲಿನ ಒಳ ಉಗುರು ದಪ್ಪಗಿದ್ದರೆ ಅದು ಗಂಡು. ಒಣಗಿದ ದುಂಬಿಯನ್ನು ಬಿಸಿನೀರಿನಲ್ಲಿ ಮೆತ್ತಗಾಗುವವರೆಗೆ ಇಟ್ಟು, ತುದಿ ಬಗ್ಗಿಸಿದ ಸಣ್ಣ ಪಿನ್ನಿನಿಂದ ಹಿಂಬದಿಯ ತಟ್ಟೆಯ ಕೆಳಗಿನಿಂದ ಜನನಾಂಗವನ್ನು ನಿಧಾನಕ್ಕೆ ಎಳೆಯುತ್ತೇನೆ. ಸ್ನಾಯು ಅಂಟಿಕೊಂಡಿದ್ದರೆ ಶೇಕಡಾ 10ರ ಕಾಸ್ಟಿಕ್ ಪೊಟ್ಯಾಶ್ ದ್ರಾವಣದಲ್ಲಿ ಒಂದು ರಾತ್ರಿ ಬಿಟ್ಟು, ನೀರಿನಲ್ಲಿ ಚೆನ್ನಾಗಿ ತೊಳೆದು, ಗ್ಲಿಸರಿನ್‌ನಲ್ಲಿ ಇಟ್ಟು ನೋಡುತ್ತೇನೆ. ಕೈಗವಸು ಹಾಕಿಕೊಳ್ಳಿ, ಆ ದ್ರಾವಣ ಚರ್ಮ ಸುಡುತ್ತದೆ. ಮೇಲಿನಿಂದ, ಪಕ್ಕದಿಂದ, ತುದಿಯಿಂದ ಫೋಟೋ ತೆಗೆಯಿರಿ, ಏಕೆಂದರೆ ಪಕ್ಕದಿಂದ ಒಂದೇ ಥರ ಕಾಣುವ ಎರಡು, ಮೇಲಿನಿಂದ ನೋಡಿದಾಗ ಬೇರೆ ಅಂತ ಗೊತ್ತಾಗುತ್ತದೆ. ಕೊನೆಗೆ ಅದನ್ನು ಚಿಕ್ಕ ಸೀಸೆಗೆ ಹಾಕಿ ಅದೇ ದುಂಬಿಯ ಪಿನ್ನಿಗೆ ಚುಚ್ಚುತ್ತೇನೆ. ಬೇರೆ ಡಬ್ಬಿಯಲ್ಲಿ ಇಟ್ಟರೆ ಯಾವುದು ಯಾರದ್ದು ಅಂತ ಆಮೇಲೆ ಹೇಳೋಕಾಗಲ್ಲ.

ಚೀಟಿಯಲ್ಲಿ ಊರು, ಎತ್ತರ, ತಾರೀಖು, ಹಿಡಿದವರ ಹೆಸರು ಎಲ್ಲರೂ ಬರೆಯುತ್ತಾರೆ. ನಾನು ಗಿಡದ ಹೆಸರನ್ನೂ, ಎಲೆ ತಿನ್ನುತ್ತಿತ್ತೋ ಹೂವೋ ಅನ್ನುವುದನ್ನೂ ಸೇರಿಸುತ್ತೇನೆ, ತೋಟದವರಿಗೆ ಬೇಕಾಗಿರುವುದು ಅದೇ. ಬರೀ ಹೆಣ್ಣು ಸಿಕ್ಕಿದ್ದರೆ, ಜೊತೆಗೆ ಹೋಲಿಸಲು ಗಂಡು ಇಲ್ಲದಿದ್ದರೆ, ಚೀಟಿಯಲ್ಲಿ 'ಪೋಪಿಲಿಯಾ' ಅಂತಷ್ಟೇ ಬರೆದು ಮುಂದಿನ ಜಾಗ ಖಾಲಿ ಬಿಡುತ್ತೇನೆ.