ಕಡಿಮೆ ದುಡ್ಡಿನ ಡಸ್ಟ್ ಕಲೆಕ್ಟರ್, ಒಳ್ಳೆಯ ಫಿಲ್ಟರ್: ನನ್ನ ಅನುಭವ

ಮನೆಯಲ್ಲೇ ಮರಗೆಲಸ ಮಾಡುವವರು ಡಸ್ಟ್ ಕಲೆಕ್ಟರ್, ಅಂದರೆ ಮರದ ಹೊಟ್ಟು, ಧೂಳು ಹೀರುವ ಯಂತ್ರದ ಬಗ್ಗೆ ಯೋಚಿಸುವುದು ಸಾಮಾನ್ಯವಾಗಿ ಕೊನೆಗೆ. ಮೊದಲು ಮೇಜಿಗೆ ಕೂರಿಸಿದ ಗರಗಸ ಟೇಬಲ್ ಸಾ ಬರುತ್ತದೆ, ಆಮೇಲೆ ಹಲಗೆ ಹೆರೆಯುವ ಪ್ಲೇನರ್, ಪಟ್ಟಿಯಂಥ ಬ್ಲೇಡಿನ ಗರಗಸ ಬ್ಯಾಂಡ್ ಸಾ. ಅಷ್ಟರಲ್ಲಿ ಕೈಯಲ್ಲಿದ್ದ ದುಡ್ಡು ಮುಗಿದಿರುತ್ತದೆ. ನನ್ನ ಬಜೆಟ್ಟೂ ಚಿಕ್ಕದೇ. ಹಾಗಾಗಿ 1 ಎಚ್‌ಪಿ ಮೋಟಾರಿನ, ಚಕ್ರಗಳ ಮೇಲೆ ಓಡಾಡುವ, ಮೇಲೊಂದು ಬಟ್ಟೆ ಚೀಲ, ಕೆಳಗೊಂದು ಪ್ಲಾಸ್ಟಿಕ್ ಚೀಲ ಇರುವ ಸಾದಾ ಯಂತ್ರ ಕೊಂಡೆ. ಆದರೆ ಇದ್ದ ದುಡ್ಡನ್ನೆಲ್ಲ ಯಂತ್ರಕ್ಕೇ ಸುರಿಯಲಿಲ್ಲ. ಒಂದು ಪಾಲನ್ನು ಫಿಲ್ಟರಿಗೆ, ಹೋಸಿಗೆ ಅಂತ ಮೊದಲೇ ತೆಗೆದಿಟ್ಟಿದ್ದೆ. ಯಂತ್ರ ಸಾಧಾರಣವಾಗಿದ್ದರೂ ನಡೆಯುತ್ತದೆ, ಗಾಳಿ ಹೋಗುವ ದಾರಿ ಮತ್ತು ಫಿಲ್ಟರ್ ಮಾತ್ರ ಸಾಧಾರಣವಾಗಿರಬಾರದು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೇ.

ಕಣ್ಣಿಗೆ ಕಾಣುವ ಹೊಟ್ಟು ಅಷ್ಟೇನೂ ಅಪಾಯದ್ದಲ್ಲ. ಅದು ನೆಲಕ್ಕೆ ಬೀಳುತ್ತದೆ, ಗುಡಿಸಿದರೆ ಆಯಿತು. ಎದೆಗೆ ಇಳಿಯುವುದು 10 ಮೈಕ್ರಾನಿಗಿಂತ ಸಣ್ಣ ಕಣ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಇದೆಷ್ಟು ಸಣ್ಣದು ಅಂತ ಗೊತ್ತಾಗುತ್ತದೆ. ಅದು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನ ಒಳಭಾಗಕ್ಕೆ, ಅದರ ಪಕ್ಕದ ಸೈನಸ್‌ಗಳಿಗೆ ಬರುವ ಕ್ಯಾನ್ಸರ್ ಅದು. ಹವ್ಯಾಸಕ್ಕೆ ಮಾಡುವ ನಾವು ದಿನವಿಡೀ ಧೂಳಿನಲ್ಲಿ ಇರುವುದಿಲ್ಲ, ನಿಜ. ಆದರೆ ನಮ್ಮ ಕೋಣೆ ಚಿಕ್ಕದು, ಬಾಗಿಲು ಮುಚ್ಚಿರುತ್ತದೆ, ಆಚೆಗೆ ಹೋದರೆ ಮನೆಯವರು ಇರುತ್ತಾರೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಸಿಎಫ್‌ಎಂ ಸಂಖ್ಯೆಯನ್ನು ನಾನು ಬಹಳ ನೆಚ್ಚಿಕೊಳ್ಳಲಿಲ್ಲ. ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಳೆಯುತ್ತದೆ ಅನ್ನುವ ಲೆಕ್ಕ ಅದು. ಎಷ್ಟೋ ಸಲ ಅದನ್ನು ಹೋಸ್ ಇಲ್ಲದೆ, ಫಿಲ್ಟರ್ ಕೂಡ ಇಲ್ಲದೆ ಅಳೆದಿರುತ್ತಾರೆ. ಕೆಲಸಕ್ಕೆ ನಿಂತಾಗ ಅದರ ಅರ್ಧದಷ್ಟು ಸಿಕ್ಕರೂ ಪುಣ್ಯ. ನಾನು ನೋಡಿದ್ದು ಬೇರೆ ಎರಡು ವಿಷಯ. ಒಂದು, ಒಳಗಿನ ಫ್ಯಾನಿನ ವ್ಯಾಸ. ಒಂದೇ ವೇಗದಲ್ಲಿ ತಿರುಗುವಾಗ ಫ್ಯಾನು ಕೊಡುವ ಒತ್ತಡ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. 9 ಇಂಚಿನ ಫ್ಯಾನಿಗಿಂತ 10 ಇಂಚಿನದು ಹತ್ತಿರಹತ್ತಿರ ಕಾಲು ಭಾಗ ಜಾಸ್ತಿ ಒತ್ತಡ ಕೊಡುತ್ತದೆ. ಇನ್ನೊಂದು, ಮೋಟಾರಿನ ಫಲಕದ ಮೇಲಿರುವ ಆಂಪಿಯರ್. 1 ಎಚ್‌ಪಿ ಅಂದರೆ 746 ವ್ಯಾಟ್. ಅಷ್ಟು ಹೊರಗೆ ಬರಬೇಕಾದರೆ ಒಳಗೆ ಅದಕ್ಕಿಂತ ಜಾಸ್ತಿ ಹೋಗಲೇಬೇಕು. ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದರೆ 746 ಕೂಡ ಬರದಿದ್ದರೆ ಸ್ಟಿಕ್ಕರಿನ ಮೇಲೆ ಏನೇ ಬರೆದಿರಲಿ, ಅದು 1 ಎಚ್‌ಪಿ ಮೋಟಾರ್ ಅಲ್ಲ.

ವ್ಯಾಕ್ಯೂಮ್ ಕ್ಲೀನರ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಮರ ಉಜ್ಜುವ ಸ್ಯಾಂಡರ್, ಮರದಲ್ಲಿ ಗಾಡಿ ಕೊರೆಯುವ ರೌಟರ್ ಥರದ ಸಣ್ಣ ಬಾಯಿಯ ಉಪಕರಣಗಳಿಗೆ ಅದೇ ಸರಿ, ನಾನೂ ಅದನ್ನೇ ಬಳಸುತ್ತೇನೆ. ಅದರ ಎಳೆತ ಜೋರು, ಆದರೆ ಎಳೆಯುವ ಗಾಳಿ ಕಡಿಮೆ. ಡಸ್ಟ್ ಕಲೆಕ್ಟರ್ ಇದಕ್ಕೆ ತಿರುಗುಮುರುಗು. ಎಳೆತ ಮೆದು, ಗಾಳಿ ಧಾರಾಳ. ಪ್ಲೇನರ್, ಟೇಬಲ್ ಸಾ, ಬ್ಯಾಂಡ್ ಸಾಗಳಿಗೆ ಬೇಕಾಗಿರುವುದು ಧಾರಾಳವಾದ ಗಾಳಿ. ಈ ಮೆದು ಎಳೆತದಿಂದಾಗಿಯೇ ಡಸ್ಟ್ ಕಲೆಕ್ಟರಿಗೆ ಕಿರಿದಾದ ಪೈಪು, ಉದ್ದದ ಹೋಸು ಆಗಿಬರುವುದಿಲ್ಲ.

ಯಂತ್ರ ಬಂದ ಮೇಲೆ ನಾನು ಮೊದಲು ಮಾಡಿದ ಬದಲಾವಣೆಗೆ ಖರ್ಚೇ ಇರಲಿಲ್ಲ. ಬಾಯಿಗೆ ಎರಡು ಕವಲಿನ ಒಂದು ಪ್ಲಾಸ್ಟಿಕ್ ತುಂಡು ಕೊಟ್ಟಿದ್ದರು, ಒಂದೊಂದು ಕವಲೂ 4 ಇಂಚು. ಅದನ್ನು ಕಿತ್ತರೆ ಒಳಗೆ ಇದ್ದದ್ದು 5 ಇಂಚಿನ ಬಾಯಿ! ಅಲ್ಲಿಂದ ನೇರವಾಗಿ 5 ಇಂಚಿನ ಹೋಸ್ ಹಾಕಿದೆ. ಟೇಬಲ್ ಸಾದ ಕೆಳಪೆಟ್ಟಿಗೆಯ ತೂತನ್ನೂ ಅದೇ ಅಳತೆಗೆ ದೊಡ್ಡದು ಮಾಡಿದೆ. ಹಾಗಾದರೆ 6 ಇಂಚು ಇನ್ನೂ ಒಳ್ಳೆಯದಲ್ವಾ? ಚಿಕ್ಕ ಯಂತ್ರಕ್ಕೆ ಅಲ್ಲ. ಚಕ್ಕೆ ಪೈಪಿನಲ್ಲಿ ಕೂರದೆ ಹರಿಯಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. ಆ ವೇಗದಲ್ಲಿ 4 ಇಂಚಿನ ಪೈಪಿನಲ್ಲಿ 350 ಸಿಎಫ್‌ಎಂ ಹೋಗುತ್ತದೆ, 5 ಇಂಚಿನದರಲ್ಲಿ 540ರ ಆಸುಪಾಸು, 6 ಇಂಚಿನದರಲ್ಲಿ 780ಕ್ಕೂ ಮೇಲೆ. 1 ಎಚ್‌ಪಿ ಯಂತ್ರ 780 ಎಲ್ಲಿಂದ ತರುತ್ತದೆ? ಪೈಪ್ ಅಗಲವಾಗಿರುತ್ತದೆ, ಗಾಳಿ ನಿಧಾನವಾಗುತ್ತದೆ, ಅಡ್ಡ ಪೈಪಿನಲ್ಲಿ ಹೊಟ್ಟು ಗುಡ್ಡೆ ಬೀಳುತ್ತದೆ. 5 ಇಂಚಿನದರಲ್ಲೂ ನನಗೆ ಪೂರ್ತಿ 20 ಮೀಟರ್ ಸಿಗುವುದಿಲ್ಲ. ಹೋಸ್ ಗಿಡ್ಡ ಇರುವುದರಿಂದ ನಡೆಯುತ್ತದೆ.

ಗೋಡೆಯುದ್ದಕ್ಕೂ ಪೈಪ್ ಎಳೆದು, ಯಂತ್ರಕ್ಕೊಂದು ಗಾಳಿ ತೆರೆದು ಮುಚ್ಚುವ ಗೇಟ್ ಇಡುವ ಆಸೆ ಯಾರಿಗಿಲ್ಲ? ಈ ಗಾತ್ರದ ಮೋಟಾರಿಗೆ ಅದು ಬೇಡ ಅಂತ ನನ್ನ ಖಚಿತ ಅಭಿಪ್ರಾಯ. ಸುರುಳಿ ಸುರುಳಿಯ ಹೋಸ್ ಒಳಮೈ ನಯವಾದ ಪೈಪಿಗಿಂತ ಎರಡು ಮೂರು ಪಟ್ಟು ಜಾಸ್ತಿ ತಡೆ ಒಡ್ಡುತ್ತದೆ. ಒಂದೊಂದು ಬಾಗೂ ಇನ್ನಷ್ಟು ತಿನ್ನುತ್ತದೆ. ಹಾಗಾಗಿ ನಾನು ಕಲೆಕ್ಟರನ್ನೇ ಪ್ರತಿ ಯಂತ್ರದ ಹತ್ತಿರಕ್ಕೆ ತಳ್ಳಿಕೊಂಡು ಹೋಗುತ್ತೇನೆ. ಹೋಸ್ 2 ಮೀಟರ್ ದಾಟುವುದಿಲ್ಲ. ಜೋಡಿಸಲು, ಬಿಚ್ಚಲು ಅರೆ ನಿಮಿಷ ಸಾಕು.

ಫಿಲ್ಟರಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಡಿಮೆ ಬೆಲೆಯ ಯಂತ್ರಗಳ ಜೊತೆ ಬರುವ ಚೀಲ ಹೆಚ್ಚಾಗಿ 30 ಮೈಕ್ರಾನಿನದು, ಅದಕ್ಕಿಂತ ಸಣ್ಣ ಕಣ ಹೆಚ್ಚಾಗಿ ತೂರಿ ಹೋಗುತ್ತದೆ. ಅಂದರೆ ಯಂತ್ರ ನೆಲಕ್ಕೆ ಬೀಳಬೇಕಾದ ಹೊಟ್ಟನ್ನು ಹಿಡಿದಿಟ್ಟುಕೊಂಡು, ಎದೆಗೆ ಇಳಿಯುವ ಸಣ್ಣ ಧೂಳನ್ನು ಮೂಗಿನ ಎತ್ತರದಲ್ಲಿ ಕೋಣೆಗೆ ಊದುತ್ತದೆ. ಕೋಣೆ ನೋಡಲು ಚೊಕ್ಕಟವಾಗಿ ಕಾಣುತ್ತದೆ, ಉಸಿರಾಡುವ ಗಾಳಿ ಕೆಟ್ಟಿರುತ್ತದೆ. ಇದನ್ನು ನೀವೇ ನೋಡಬಹುದು. ರಾತ್ರಿ ದೀಪ ಆರಿಸಿ, ಚೀಲದ ಆಚೆ ಬದಿಯಲ್ಲಿ ಜೋರಾದ ಟಾರ್ಚ್ ಇಡಿ. ಬೆಳಕು ನಿಮ್ಮ ಕಡೆ ಬರಲಿ, ಬಲ್ಬ್ ಮಾತ್ರ ನೇರವಾಗಿ ಕಣ್ಣಿಗೆ ಬೀಳದಂತೆ ಒಂದು ರಟ್ಟು ಅಡ್ಡ ಇಡಿ. ಯಂತ್ರ ಚಾಲೂ ಮಾಡಿದ ಕ್ಷಣ ಚೀಲದ ಮೈಯಿಂದ ಹೊಗೆಯ ಹಾಗೆ ಧೂಳು ಏಳುವುದು ಕಾಣುತ್ತದೆ. ನಾನು ಇದನ್ನು ನೋಡಿದ ಮೇಲೆ ಆ ಚೀಲ ಮತ್ತೆ ಹಾಕಲಿಲ್ಲ.

ಅದರ ಜಾಗಕ್ಕೆ 1 ಮೈಕ್ರಾನಿನ, ಮಡಿಕೆ ಮಡಿಕೆಯಾದ ಕ್ಯಾನಿಸ್ಟರ್ ಫಿಲ್ಟರ್ ತಂದೆ. ಮಡಿಕೆಗಳಿಂದಾಗಿ ಅದರ ಒಟ್ಟು ಮೈ ಬಟ್ಟೆ ಚೀಲಕ್ಕಿಂತ ಹಲವು ಪಟ್ಟು ದೊಡ್ಡದು. ಮೈ ದೊಡ್ಡದಾದಷ್ಟೂ ಗಾಳಿಗೆ ತಡೆ ಕಡಿಮೆ. ಅದಕ್ಕೇ ಜಾಲರಿ ಸಣ್ಣದಾದರೂ ಗಾಳಿ ಚೆನ್ನಾಗಿ ಹೋಗುತ್ತದೆ. ಒಂದು ಎಚ್ಚರ: 30 ಮೈಕ್ರಾನಿನ ಚೀಲ ತೆಗೆದು ಅದೇ ಗಾತ್ರದ 1 ಮೈಕ್ರಾನಿನ ಬಟ್ಟೆ ಚೀಲ ಹಾಕಿದರೆ ಎಳೆತ ಬಿದ್ದುಹೋಗಬಹುದು. ಬಟ್ಟೆಯೇ ಬೇಕು ಅಂದರೆ ಉದ್ದದ, ದೊಡ್ಡ ಚೀಲ ಹುಡುಕಿ.

ಫಿಲ್ಟರ್ ಯಾವಾಗ ಕಟ್ಟಿಕೊಂಡಿದೆ ಅಂತ ತಿಳಿಯಲು ನಾನು ಪಾರದರ್ಶಕ ಟ್ಯೂಬನ್ನು ಯು ಆಕಾರದಲ್ಲಿ ಹಲಗೆಗೆ ಬಡಿದು, ಅರ್ಧದಷ್ಟು ಬಣ್ಣದ ನೀರು ತುಂಬಿದೆ. ಒಂದು ತುದಿ ಫಿಲ್ಟರಿನ ಕೆಳಗಿನ ಲೋಹದ ಬಳೆಯ ಸಣ್ಣ ತೂತಿಗೆ, ಇನ್ನೊಂದು ತುದಿ ಕೋಣೆಯ ಗಾಳಿಗೆ. ಯಂತ್ರ ಓಡುವಾಗ ಒಂದು ಕಡೆ ನೀರು ಇಳಿದು ಇನ್ನೊಂದು ಕಡೆ ಏರುತ್ತದೆ. ಆ ವ್ಯತ್ಯಾಸವೇ ಫಿಲ್ಟರ್ ಒಡ್ಡುವ ತಡೆ. ಹೊಸ ಫಿಲ್ಟರಿನಲ್ಲಿ ಎಲ್ಲಿತ್ತು ಅಂತ ಮಾರ್ಕರಿನಲ್ಲಿ ಗೆರೆ ಹಾಕಿದ್ದೇನೆ. ಅದು ಎರಡರಷ್ಟಾದರೆ ಫಿಲ್ಟರ್ ತೆಗೆದು ಹೊರಗಿನಿಂದ ಒಳಗೆ, ಕಡಿಮೆ ಒತ್ತಡದ ಗಾಳಿ ಊದಿ ಶುಚಿ ಮಾಡುತ್ತೇನೆ. ಬಯಲಲ್ಲಿ, ಮಾಸ್ಕ್ ಹಾಕಿಕೊಂಡು. ಇಷ್ಟು ಸುಲಭದ ಉಪಕರಣವನ್ನು ಜನ ಯಾಕೆ ಮಾಡಿಕೊಳ್ಳುವುದಿಲ್ಲವೋ!

ಫಿಲ್ಟರ್ ಬೇಗ ಕಟ್ಟಿಕೊಳ್ಳದಿರಲಿ ಅಂತ ಡ್ರಮ್ಮಿನ ಮೇಲೆ ಒಂದು ಸೆಪರೇಟರ್, ಅಂದರೆ ಚಕ್ಕೆಯನ್ನು ಗಾಳಿಯಿಂದ ಮೊದಲೇ ಬೇರ್ಪಡಿಸುವ ಸಾಧನ ಮಾಡಿದೆ. ಫಿಲ್ ಥೀನ್ ಎಂಬ ಮರಗೆಲಸಗಾರ ರೂಪಿಸಿದ, ಅವರ ಹೆಸರಿನಲ್ಲೇ ಪ್ರಸಿದ್ಧವಾದ ಬ್ಯಾಫಲ್, ಅಂದರೆ ಅಡ್ಡಹಲಗೆ, ಅದರಲ್ಲಿದೆ. ಒಂದು ದುಂಡು ಹಲಗೆ, ಅದರ ಅಂಚಿನಲ್ಲಿ 240 ಡಿಗ್ರಿಯಷ್ಟು ಉದ್ದದ ಸೀಳು, ಸೀಳಿನ ಅಗಲ ಸುಮಾರು 29 ಮಿಲಿಮೀಟರ್. ಗಾಳಿ ಸುತ್ತು ಹೊಡೆಯುವಾಗ ಚಕ್ಕೆ ಅಂಚಿಗೆ ಸರಿದು ಸೀಳಿನಿಂದ ಡ್ರಮ್ಮಿಗೆ ಬೀಳುತ್ತದೆ. ಮುಚ್ಚಳ ಬಿಗಿಯಾಗಿರಲೇಬೇಕು. ಸ್ವಲ್ಪ ಗಾಳಿ ಸೋರಿದರೂ ಬಿದ್ದದ್ದು ಮತ್ತೆ ಮೇಲೆದ್ದು ಫಿಲ್ಟರಿಗೇ ಹೋಗುತ್ತದೆ. ತೆಳು ಪ್ಲಾಸ್ಟಿಕ್ ಡ್ರಮ್ಮೂ ಬೇಡ, ಹೋಸ್ ಕಟ್ಟಿಕೊಂಡರೆ ಒಳಕ್ಕೆ ಕುಸಿಯುತ್ತದೆ. ಸೆಪರೇಟರ್ ತಾನೇ ಗಾಳಿ ಶುದ್ಧ ಮಾಡುವುದಿಲ್ಲ, ಫಿಲ್ಟರನ್ನು ಕಾಯುತ್ತದೆ ಅಷ್ಟೆ. ಬದಲಿಗೆ ಎಳೆತದಲ್ಲಿ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಅದಕ್ಕೇ ಮೂಟೆಗಟ್ಟಲೆ ಸಿಪ್ಪೆ ಬರುವ ಪ್ಲೇನರಿಗೆ ಮಾತ್ರ ಅದನ್ನು ಜೋಡಿಸುತ್ತೇನೆ.

ಬಾಯಿ, ಹೋಸ್, ಫಿಲ್ಟರ್ ಎಲ್ಲ ಬದಲಾದ ಮೇಲೆ ಮೋಟಾರಿನ ಕರೆಂಟ್ ಅಳೆಯುವುದನ್ನು ಮರೆಯಬೇಡಿ. ಈ ಥರದ ಫ್ಯಾನಿನಲ್ಲಿ ದಾರಿ ಕಟ್ಟಿಕೊಂಡರೆ ಮೋಟಾರಿಗೆ ಹೊರೆ ಇಳಿಯುತ್ತದೆ, ದಾರಿ ತೆರೆದುಕೊಂಡರೆ ಏರುತ್ತದೆ. ತಂತಿ ಕತ್ತರಿಸದೆ ಕರೆಂಟ್ ಅಳೆಯುವ ಕ್ಲಾಂಪ್ ಮೀಟರನ್ನು ಒಂದೇ ತಂತಿಯ ಸುತ್ತ ಹಾಕಿ ನೋಡಿ, ಫಲಕದ ಆಂಪಿಯರ್ ದಾಟಬಾರದು. ನನ್ನದು ಮೊದಲಿಗಿಂತ ಏರಿತು, ಮಿತಿಯೊಳಗೇ ಉಳಿಯಿತು. ಹಾಗೇ, ನೆಲ ಗುಡಿಸಿದ ಕಸವನ್ನು ಇದಕ್ಕೆ ಹೀರಿಸಬೇಡಿ. ಒಂದು ಮೊಳೆ ಉಕ್ಕಿನ ಫ್ಯಾನಿಗೆ ಬಡಿದು ಕಿಡಿ ಹಾರಿದರೆ ಒಣ ಹೊಟ್ಟಿನ ಚೀಲ ಒಳಗೊಳಗೇ ಹೊಗೆಯಾಡತೊಡಗಬಹುದು.

ಇನ್ನೂ ಹತೋಟಿಗೆ ಬಾರದಿರುವುದು ಮೈಟರ್ ಸಾ, ಅಂದರೆ ಮರವನ್ನು ಬೇಕಾದ ಕೋನಕ್ಕೆ ಅಡ್ಡ ಕತ್ತರಿಸುವ ಗರಗಸ. ಅದು ಧೂಳನ್ನು ಎಲ್ಲ ದಿಕ್ಕಿಗೂ ಎರಚುತ್ತದೆ. ಹೀರುವ ಬಾಯಿಯಿಂದ ಅದರ ವ್ಯಾಸದಷ್ಟು ದೂರ ಹೋದರೆ ಗಾಳಿಯ ವೇಗ ಹತ್ತನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಆದ್ದರಿಂದ ಹಿಂದೆ ಎಲ್ಲೋ ಹೋಸ್ ಇಟ್ಟು ಪ್ರಯೋಜನವಿಲ್ಲ. ಈಗ ಗರಗಸದ ಹಿಂದೆ, ಎರಡೂ ಪಕ್ಕ ಸುತ್ತುವರಿಯುವಂತೆ ಪ್ಲೈವುಡ್ ಪೆಟ್ಟಿಗೆ ಕಟ್ಟುತ್ತಿದ್ದೇನೆ. ಹೋಸಿನ ಬಾಯಿ ಬ್ಲೇಡಿನ ನೇರಕ್ಕೆ, ಆದಷ್ಟು ಹತ್ತಿರ. ಅದು ಆಗುವವರೆಗೂ ಆ ಗರಗಸದ ಮುಂದೆ ಎನ್95 ಮಾಸ್ಕ್ ತೆಗೆಯುವುದಿಲ್ಲ. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಕತ್ತರಿಸುವಾಗಲಂತೂ ಪೆಟ್ಟಿಗೆ ಆದಮೇಲೂ ತೆಗೆಯುವುದಿಲ್ಲ.